ನಿದ್ದೆ ಹೋದ ಬಳ್ಳಿಗಳು

ಎಲ್ಲದಕ್ಕೂ ಮೂಲ ಭಟ್ಟರ ನಿದ್ದೆ.

ಕೌಲಾಲಂಪುರದಿಂದ ಕ್ಯಾಮರನ್ ಬೆಟ್ಟಕ್ಕೆ ಹತ್ತುವ ಬಸ್ಸಿನಲ್ಲಿ ತಿರುವಿಗೊಮ್ಮೆ ವಾಂತಿ ಮಾಡುವವರು ಕೆಲವರು, ನಿದ್ದೆ ಹೊಡೆದು ಅದನ್ನು ತಪ್ಪಿಸಿಕೊಳ್ಳುವವರು ಕೆಲವರು. ಬ್ರಿಕ್‌ಫೀಲ್ಡ್ಸಿನ ಭಟ್ಟರು ಎರಡನೆಯ ಪಂಗಡ. ಬೆಳಗಿನ ಮೊದಲ ಬಸ್ಸಿನಲ್ಲಿ ಕೂತು ಗಣಪತಿಯನ್ನು ನೆನೆದು ಕಣ್ಣು ಮುಚ್ಚಿದವರು ಕಣ್ಣು ಬಿಟ್ಟಾಗ ಬೆಟ್ಟದ ಮೇಲಿನ ತಾನಾ ರಾತಾ ನಿಲ್ದಾಣ ಬಂದಿತ್ತು. ಗಡಬಡಿಸಿ ಇಳಿದರು. ತುಪ್ಪದ ಡಬ್ಬಿ ಇಳಿಯಿತು, ಹೋಮಕುಂಡ ಇಳಿಯಿತು, ಮಡಿಪಂಚೆಯ ಚೀಲ ಇಳಿಯಿತು. ಸಮಿತ್ತಿನ ಕಟ್ಟು ಮಾತ್ರ ತಲೆಯ ಮೇಲಿನ ಹಲಗೆಯಲ್ಲಿ ನಿಶ್ಚಿಂತೆಯಿಂದ ಕೂತು, ಟಿಕೆಟಿಲ್ಲದ ಪ್ರಯಾಣಿಕನಂತೆ ಮುಂದಿನ ಊರಿಗೆ ಹೋಗಿಬಿಟ್ಟಿತು.

ಹೋಮವಿದ್ದದ್ದು ಸುಬ್ರಾಯರ ಮನೆಯಲ್ಲಿ. ಸುಬ್ರಾಯರು ಇಪ್ಪತ್ತೆರಡು ವರ್ಷ ಕ್ಲಾಂಗ್ ಬಂದರಿನ ಒಂದು ಸಾಗಣೆ ಕಚೇರಿಯಲ್ಲಿ ಕಂಟೇನರುಗಳ ನಂಬರು ಬರೆದುಕೊಂಡಿದ್ದವರು. ಆ ಕಚೇರಿ ಮುಚ್ಚಿತು. ಹುಟ್ಟಿದ್ದು ಕುಂದಾಪುರದ ಕಡೆ, ಮಣ್ಣಿನ ಗುಣ ಗೊತ್ತು ಎಂಬ ಒಂದೇ ಧೈರ್ಯದ ಮೇಲೆ, ಬೆಟ್ಟದಲ್ಲಿ ಮೇಡಂ ಯೋಕ್ ಎಂಬಾಕೆಯ ಅತಿಥಿಗೃಹಕ್ಕೆ ತೋಟದ ಮೇಲ್ವಿಚಾರಕರಾಗಿ ಸೇರಿದರು. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಅದು ಮುಗಿಯುವುದು ಇವತ್ತೇ. ಸಂಜೆ ಐದಕ್ಕೆ ಮೇಡಂ ಬಂದು ತೋಟ ನೋಡುತ್ತಾರೆ. ಒಪ್ಪಿಗೆಯಾದರೆ ಕೆಲಸ ಖಾಯಂ, ತೋಟದ ಹಿಂದಿನ ಈ ಪುಟ್ಟ ಮನೆಯೂ ಖಾಯಂ. ಇಲ್ಲದಿದ್ದರೆ ಮತ್ತೆ ಪುಚೊಂಗಿಗೆ, ಭಾವಮೈದುನನ ಫ್ಲ್ಯಾಟಿಗೆ. ಅಲ್ಲಿ ನಡುಮನೆಯ ಸೋಫಾದ ಮೇಲೆ ಒಬ್ಬರು, ಸೋಫಾದ ಕೆಳಗೆ ಒಬ್ಬರು.

ಹೆಂಡತಿ ವಾರಿಜಾಕ್ಷಿಗೆ ಆ ಸೋಫಾದ ನೆನಪಾದರೆ ಸಾಕು, ಬೆಟ್ಟದ ಚಳಿಯಲ್ಲೂ ಬೆವರು ಬರುತ್ತಿತ್ತು. "ಒಂದು ಗಣಹೋಮ ಮಾಡಿಸುವ ಮಾರಾಯ್ರೆ. ವಿಘ್ನ ಎಲ್ಲ ಸುಟ್ಟು ಹೋಗ್ಲಿ" ಎಂದಿದ್ದಳು. ಸುಬ್ರಾಯರು ದಿನವೂ ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯದವರು. ಬೇಡ ಎನ್ನಲು ಕಾರಣವೇ ಇರಲಿಲ್ಲ.

ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಎಂದರೆ ಬಳ್ಳಿಗಳು. ಮೇಡಂ ಯೋಕ್ ಅವರ ಅಕ್ಕ ಹಿಮ ಬೀಳುವ ದೇಶದಲ್ಲಿದ್ದಳು. ಅವಳ ಮನೆಯ ಗೋಡೆಯ ತುಂಬ ಹೂಬಳ್ಳಿ ಹಬ್ಬಿದ್ದನ್ನು ಕಂಡು ಬಂದ ಮೇಲೆ ಮೇಡಂಗೆ ತಮ್ಮ ಅತಿಥಿಗೃಹದ ಬಂಗಲೆಯ ಗೋಡೆ ಸ್ನಾನ ಮಾಡಿ ಬಟ್ಟೆ ಮರೆತವರಂತೆ ಕಾಣತೊಡಗಿತ್ತು. "ಇಲ್ಲಿ ನಮಗೂ ಚಳಿ ಇದೆಯಲ್ಲ, ಲಾ! ಯಾವ ಬಳ್ಳಿ, ಎಲ್ಲಿ, ಎಂದು ನೀವೇ ಆರಿಸಿ, ಮಿಸ್ಟರ್ ರಾಯ್" ಎಂದಿದ್ದರು, ಇಲ್ಲಿಯವರ ರೂಢಿಯಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಆರಿಸಲು ಸಹಾಯಕ್ಕೆ ಜನರ ಕೊರತೆಯೇ?

"ಬಸಳೆ ಹಬ್ಬಿಸಿ. ನೋಡ್ಲಿಕ್ಕೂ ಆಯ್ತು, ಹುಳಿಗೂ ಆಯ್ತು" ಎಂದಳು ವಾರಿಜಾಕ್ಷಿ.

"ಬಸಳೆ ಈ ಚಳಿಗೆ ಮುದುಡಿ ಕೂರ್ತದೆ ಮಾರಾಯ್ತಿ. ಅದು ನಮ್ಮ ಹಾಗೆ, ಸೆಕೆಯ ಜೀವ."

"ಹಂಗಾರ ಹೀರೀಬಳ್ಳಿ ಹಚ್ರೀ ರಾಯರ. ಗ್ವಾಡೀ ತುಂಬ ಹಳದಿ ಹೂವು!" ಎಂದರು ಪಕ್ಕದ ಮನೆಯ ಹೊನ್ನಮ್ಮ. ಬಾಗಲಕೋಟೆಯ ಹೊನ್ನಮ್ಮನವರು ಇಲ್ಲಿಯ ಚಹಾ ತೋಟದ ಡಾಕ್ಟರರ ಅತ್ತೆ. ಮೊಮ್ಮಗನನ್ನು ನೋಡಿಕೊಳ್ಳಲು ಬಂದವರು. ಮೊಮ್ಮಗ ಶಾಲೆಗೆ ಹೋದ ಮೇಲೆ ಊರನ್ನೆಲ್ಲ ನೋಡಿಕೊಳ್ಳುತ್ತಿದ್ದರು.

ಸುಬ್ರಾಯರು ಇಬ್ಬರಿಗೂ ಕೈಮುಗಿದು, ಪುಸ್ತಕ ತರಿಸಿ ಓದಿದರು. ಓದಿದಷ್ಟೂ ಅವರಿಗೆ ಬಳ್ಳಿಗಳು ನೆಂಟರಂತೆ ಕಂಡವು. ಕ್ಲೆಮಾಟಿಸ್ ಎಂಬುದಕ್ಕೆ ತಲೆ ಬಿಸಿಲಲ್ಲಿ, ಕಾಲು ನೆರಳಲ್ಲಿ ಇರಬೇಕು. ಮದುವೆಮನೆಗೆ ಬಂದ ಹುಡುಗನ ಸೋದರಮಾವನ ಹಾಗೆ ಅದರ ಕಾಲಬುಡ ಯಾರಾದರೂ ತಂಪು ಮಾಡುತ್ತಲೇ ಇರಬೇಕು. ವಿಸ್ಟೀರಿಯಾ ಹಿಡಿದದ್ದನ್ನು ಹಿಸುಕುವ ಪೈಲ್ವಾನ. ಅದಕ್ಕೆ ಕಬ್ಬಿಣದ ಚಪ್ಪರವೇ ಬೇಕು. ಹನಿಸಕಲ್ ಸಂಜೆಗೆ ಪರಿಮಳ ಬಿಡುವುದು, ಊಟದ ಕೋಣೆಯ ಕಿಟಕಿಗೆ ಲಾಯಕ್ಕು. ಇನ್ನು ಹತ್ತುವ ಗುಲಾಬಿ ಹೆಸರಿಗೆ ಮಾತ್ರ ಹತ್ತುವುದು. ಯಾರಾದರೂ ಎತ್ತಿ ಕಟ್ಟದಿದ್ದರೆ ಮನೆಅಳಿಯನಂತೆ ಬಿದ್ದಲ್ಲೇ ಬಿದ್ದಿರುತ್ತದೆ. ನಾಲ್ಕೂ ಚಳಿಗೆ ಹೆದರದವು. ಸುಬ್ರಾಯರು ಪಟ್ಟಿ ಕೊಟ್ಟರು. ಅಕ್ಕ ತನ್ನ ತೋಟದಿಂದಲೇ ಕಡ್ಡಿ ಕತ್ತರಿಸಿ ಕಳಿಸಿದಳು.

ಹಿಂದಿನ ದಿನ ಮೇಡಂ ಆ ಕಟ್ಟನ್ನು ಕೈಗೆ ಕೊಟ್ಟು, ಯಾಕೋ ಕಣ್ಣು ತಪ್ಪಿಸಿ, "ನಾಳೆ ಸಂಜೆಯೊಳಗೆ ನೆಟ್ಟಿರಿ" ಎಂದು ಹೊರಟುಹೋಗಿದ್ದರು. ಹನ್ನೆರಡು ಕಡ್ಡಿ, ಜಾತಿಗೆ ಮೂರು. ಎಲೆಯಿಲ್ಲ, ಚಿಗುರಿಲ್ಲ, ಎಲ್ಲ ಒಂದೇ ಅಳತೆ, ಕಂದು ಬಣ್ಣ, ಸುತ್ತ ಒಣಹುಲ್ಲು, ಸೆಣಬಿನ ದಾರ.

"ಇದು ಸತ್ತಿದೆಯಲ್ಲ?" ಎಂದಿದ್ದಳು ವಾರಿಜಾಕ್ಷಿ.

"ಸತ್ತದ್ದಲ್ಲ, ನಿದ್ದೆ. ಚಳಿನಾಡಿನಲ್ಲಿ ಬಳ್ಳಿಗಳು ಚಳಿಗಾಲ ಪೂರ್ತಿ ನಿದ್ದೆ ಮಾಡ್ತವೆ."

ಉಗುರಿನಿಂದ ಸಿಪ್ಪೆ ಕೆರೆದರೆ ಒಳಗೆ ಹಸಿರಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಆದರೆ ಮಲಗಿದವರನ್ನು ಕೆರೆಯುವುದು ಸುಬ್ರಾಯರಿಗೆ ಸರಿ ಕಾಣಲಿಲ್ಲ. ಬೆಳಗ್ಗೆ ಎದ್ದು, ಕಟ್ಟನ್ನು ಬಚ್ಚಲಿನ ಬಳಿ ಬಾಲ್ದಿ ನೀರಿನಲ್ಲಿ ನೆನೆಯಲು ಇಟ್ಟು, ಮೇಲೊಂದು ನಮಸ್ಕಾರ ಹಾಕಿ, ಗುಂಡಿ ತೋಡಲು ಬಂಗಲೆಯ ಕಡೆ ಹೋದರು.

ಭಟ್ಟರು ಮನೆ ತಲುಪಿದ್ದು ಹನ್ನೊಂದೂವರೆಗೆ. ಅಭಿಜಿನ್ ಮುಹೂರ್ತಕ್ಕೆ ಅರ್ಧ ಗಂಟೆಯೂ ಇರಲಿಲ್ಲ. ಚೀಲ ಬಿಚ್ಚಿದರು, ಮುಖ ಬಿಳಿಚಿತು.

"ಅಯ್ಯಯ್ಯೋ, ಸಮಿತ್ತು ಬಸ್ಸಲ್ಲೇ ಹೋಯ್ತಲ್ಲ!"

ವಾರಿಜಾಕ್ಷಿ ಅಡುಗೆಮನೆಯಲ್ಲಿ ಮೋದಕದ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದಳು. ಹೊನ್ನಮ್ಮ ಬೆಳಗಿನಿಂದಲೇ ಸಹಾಯಕ್ಕೆ ಬಂದಿದ್ದರು. ಅಂದರೆ ಕುರ್ಚಿಯ ಮೇಲೆ ಕೂತು ಇನ್ನೊಬ್ಬರ ತಪ್ಪು ಹೇಳುತ್ತಿದ್ದರು. ಭಟ್ಟರ ಕೂಗು ಕೇಳಿ ಅವರಿಗೆ ಜೀವ ಬಂತು.

"ಚಿಂತೀ ಮಾಡಬ್ಯಾಡ್ರೀ ಭಟ್ರ. ನಮ್ಮ ರಾಯರು ದೇವರಂಥವರು. ಏನಾರ ತಂದಿಟ್ಟಿರ್ತಾರ." ಮನೆಯೆಲ್ಲ ಸುತ್ತಿ, ಬಚ್ಚಲಿಗೆ ಹೋಗಿ, ಬಾಲ್ದಿಯಿಂದ ಕಟ್ಟನ್ನು ಎತ್ತಿ ಹಿಡಿದು ಕೂಗಿದರು. "ನೋಡ್ರೀ! ನಾ ಹೇಳ್ಲಿಲ್ಲ?"

ಭಟ್ಟರು ಕನ್ನಡಕ ಏರಿಸಿ ನೋಡಿದರು. ಅಳತೆಯಿಟ್ಟು ಕತ್ತರಿಸಿದ ಕಡ್ಡಿ. ಸುತ್ತ ದರ್ಭೆಯಂಥ ಹುಲ್ಲು. ಲಕ್ಷಣವಾಗಿ ಕಟ್ಟಿದ ದಾರ.

"ಒದ್ದೆ ಯಾಕೆ ಇದು?"

"ಮಡೀ ಮಾಡ್ಯಾರ್ರೀ! ಪರದೇಶದ ಕಟಗಿ, ಯಾರು ಯಾರು ಮುಟ್ಟಿರ್ತಾರೋ ಏನೋ."

ಭಟ್ಟರ ಕಣ್ಣಲ್ಲಿ ನೀರು ಬಂತು. "ಇಂಥ ಆಚಾರ ಈಗ ಊರಲ್ಲೂ ಇಲ್ಲ. ನೋಡಿ, ನಾಲ್ಕು ಜಾತಿ ಉಂಟು. ಮುಳ್ಳಿನದ್ದು ಕಗ್ಗಲಿಯೇ ಆಗಬೇಕು. ಈ ಗಂಟಿನದ್ದು ಉತ್ತರಣೆ. ಗ್ರಹಕ್ಕೊಂದು ಜಾತಿ ಸಮಿತ್ತು ಅಲ್ವಾ, ಅಂದ್ರೆ ರಾಯರ ಮನಸ್ಸಲ್ಲಿ ನವಗ್ರಹಕ್ಕೂ ಆಹುತಿ ಕೊಡಬೇಕು ಅಂತ ಉಂಟು. ಬಾಯಿ ಬಿಟ್ಟು ಹೇಳಲಿಲ್ಲ, ಸಂಕೋಚ!"

"ವಾರಿಜಕ್ಕಾ, ಬಚ್ಚಲದಾಗಿನ ಕಟಗಿ ತಗೊಳ್ಳೇನು?" ಎಂದು ಹೊನ್ನಮ್ಮ ಕೂಗಿದರು.

ಅಡುಗೆಮನೆಯಲ್ಲಿ ಕುಕ್ಕರು ಅದೇ ಹೊತ್ತಿಗೆ ಸೀಟಿ ಹಾಕಿತು. "ಎಂತ ಬೇಕೋ ತಗೊಳ್ಳಿ ಹೊನ್ನಮ್ಮ!" ಎಂದಳು ವಾರಿಜಾಕ್ಷಿ.

ಸುಬ್ರಾಯರು ಓಡಿ ಬಂದು, ಅಂಗಳದ ನಲ್ಲಿಯಲ್ಲೇ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಎನ್ನುತ್ತ ಮಡಿಯುಟ್ಟು ಕೂರುವ ಹೊತ್ತಿಗೆ ಭಟ್ಟರು ಕಡ್ಡಿಗಳನ್ನು ಗೇಣುದ್ದ ಮುರಿದು, ತುಪ್ಪದಲ್ಲಿ ಅದ್ದಿ, ತಟ್ಟೆಯಲ್ಲಿ ಜೋಡಿಸಿ ಆಗಿತ್ತು. ಕುಂಡದಲ್ಲಿ ಕೊಬ್ಬರಿ ಹೊತ್ತಿಕೊಂಡಿತು. ಮೊದಲ ಕಡ್ಡಿ ಬಿತ್ತು. ಒದ್ದೆ ಕಡ್ಡಿ 'ಚುಂಯ್' ಎಂದಿತು. ಆಮೇಲೆ ಬಂದದ್ದು ಹೊಗೆ. ಅಂಥ ಹೊಗೆ! ಬೆಟ್ಟದ ಮಂಜೆಲ್ಲ ಒಟ್ಟಾಗಿ ದರ್ಶನಕ್ಕೆ ಬಂದಂತೆ ಜಗಲಿ ತುಂಬಿತು. ಗಂಡನಿಗೆ ಹೆಂಡತಿ ಕಾಣಲಿಲ್ಲ, ಭಟ್ಟರಿಗೆ ಯಜಮಾನ ಕಾಣಲಿಲ್ಲ.

"ಹೊಗೆ ಜಾಸ್ತಿ ಬಂದ್ರೆ ವಿಘ್ನ ಜಾಸ್ತಿ ಇತ್ತು ಅಂತ ಅರ್ಥ" ಎಂದು ಭಟ್ಟರ ದನಿ ಎಲ್ಲಿಂದಲೋ ಕೇಳಿತು. "ಹಾಕಿ, ಹಾಕಿ. ಇದಂ ನ ಮಮ ಅನ್ನಿ. ಇದು ನನ್ನದಲ್ಲ, ಅಂತ ಮನಸಾರೆ ಅನ್ನಬೇಕು."

ಸುಬ್ರಾಯರು ಕಣ್ಣೀರು ಸುರಿಸುತ್ತ, ಕೈಗೆ ಸಿಕ್ಕ ಕಡ್ಡಿಯನ್ನೆಲ್ಲ ಬೆಂಕಿಗೆ ಒಪ್ಪಿಸುತ್ತ ಮನಸಾರೆ ಅಂದರು: "ಇದಂ ನ ಮಮ. ಇದಂ ನ ಮಮ." ಅವರ ಜೀವಮಾನದಲ್ಲಿ ಇಷ್ಟು ಸತ್ಯವಾದ ಮಾತನ್ನು ಇಷ್ಟು ಸಲ ಆಡಿದ್ದೇ ಇಲ್ಲ.

ನಡುವೆ ಬಂಗಲೆಯಿಂದ ಮೇಡಂ ಫೋನು. "ಮಿಸ್ಟರ್ ರಾಯ್ ಮನೆಗೆ ಬೆಂಕಿ ಬಿದ್ದಿದೆಯಾ? ಗೆಸ್ಟುಗಳು ಹೆದರಿದ್ದಾರೆ!" ವಾರಿಜಾಕ್ಷಿ ಕೆಮ್ಮುತ್ತಲೇ, "ನೋ ಮೇಡಂ, ಪ್ರೇಯರ್, ಪ್ರೇಯರ್" ಎಂದು ಇಟ್ಟಳು.

ಪೂರ್ಣಾಹುತಿಯಾಯಿತು, ಊಟವಾಯಿತು. ಮೂರನೇ ಮೋದಕ ಮುಗಿಸಿ ಸುಬ್ರಾಯರು ತೃಪ್ತಿಯಿಂದ ಎದ್ದು ಬಚ್ಚಲಿಗೆ ಹೋದರು. ಬಾಲ್ದಿಯಲ್ಲಿ ನೀರಿತ್ತು. ನೀರಿನಲ್ಲಿ ಅವರ ಮುಖವಿತ್ತು. ಮತ್ತೇನೂ ಇರಲಿಲ್ಲ.

"ವಾರಿಜಾ, ಬಾಲ್ದಿಯಲ್ಲಿ ಇದ್ದ ಬಳ್ಳಿ ಎಲ್ಲಿ?"

"ನನಗೆಂತ ಗೊತ್ತು?"

"ಬಳ್ಳಿ ಅಲ್ರೀ ರಾಯರ, ಕಟಗಿ" ಎಂದು ಹೊನ್ನಮ್ಮ ಎಲೆಯಡಿಕೆ ಜಗಿಯುತ್ತ ತಿದ್ದಿದರು. "ಹೋಮಕ್ಕ ನಾನೇ ತಂದು ಕೊಟ್ಟೆ. ಭಾಳ ಪುಣ್ಯ ಬಂತು ನೋಡ್ರಿ ನಿಮಗ."

ಸುಬ್ರಾಯರು ಹೋಮಕುಂಡದ ಬಳಿ ಕುಸಿದು ಕೂತರು. ಬೂದಿಯ ನಡುವೆ ಅರೆಬೆಂದ ಒಂದು ಮುಳ್ಳಿನ ತುಂಡು ಅವರನ್ನೇ ನೋಡುತ್ತಿತ್ತು. "ಕ್ಲೆಮಾಟಿಸ್ಸು, ವಿಸ್ಟೀರಿಯಾ, ಎಲ್ಲ ನಾನೇ, ನನ್ನ ಕೈಯಾರೆ…"

ವಿಷಯ ತಿಳಿದ ಭಟ್ಟರು ಗಂಟಲು ಸರಿ ಮಾಡಿಕೊಂಡರು. "ಶಾಸ್ತ್ರ ಪ್ರಕಾರ ಅಗ್ನಿಗೆ ಹೋದದ್ದು ನಷ್ಟ ಅಲ್ಲ ರಾಯರೆ. ದೇವರಿಗೆ ತಲುಪಿದೆ."

"ಮೇಡಂಗೆ ತಲುಪಬೇಕಿತ್ತು ಭಟ್ಟರೆ!"

ಸುಬ್ರಾಯರು ಎದ್ದರು. "ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೇನೆ."

"ಹೇಳಿ" ಎಂದಳು ವಾರಿಜಾಕ್ಷಿ ತಣ್ಣಗೆ. "ನಾನು ಅಷ್ಟರಲ್ಲಿ ಬಟ್ಟೆ ಕಟ್ತೇನೆ. ಸೋಫಾದ ಮೇಲೆ ನೀವು ಮಲಗ್ತೀರೋ, ನಾನೋ?"

ಸುಬ್ರಾಯರು ಮತ್ತೆ ಕೂತರು.

"ಅಲ್ರೀ, ಎಲೀ ಇಲ್ಲ, ಹೂವಿಲ್ಲ, ಒಣಾ ಕಡ್ಡಿ. ಯಾವ ಕಡ್ಡಿ ಆದ್ರೇನ್ರೀ? ಎಚ್ಚರಾಗೂ ಮಟ ಯಾರಿಗೆ ತಿಳೀತದ?" ಎಂದರು ಹೊನ್ನಮ್ಮ. ಹಾಗೆಂದವರು ಬಾಯಲ್ಲಿದ್ದುದನ್ನು ಉಗಿದು, ಸೆರಗು ಸಿಕ್ಕಿಸಿ, ಕತ್ತಿ ಹಿಡಿದು ಹೊರಟೇಬಿಟ್ಟರು. ತಮ್ಮ ಹಿತ್ತಿಲಿನ ಹಿಪ್ಪುನೇರಳೆ ಗಿಡದಿಂದ ಮೂರು ಕಡ್ಡಿ, ಬೇಲಿಯ ದಾಸವಾಳದಿಂದ ಮೂರು, ಪ್ಯಾಶನ್ ಹಣ್ಣಿನ ಬಳ್ಳಿಯಿಂದ ಮೂರು, ದಾರಿಬದಿಯ ಗುಲಾಬಿಯಿಂದ ಮೂರು. ಭಟ್ಟರು ಮಂತ್ರವಿಲ್ಲದೆ ಎಲೆ ಬಿಡಿಸಿದರು. ವಾರಿಜಾಕ್ಷಿ ಅವಕ್ಕೆಲ್ಲ ಬೂದಿಗೆ ಕೆಮ್ಮಣ್ಣು ಬೆರೆಸಿ ತಿಕ್ಕಿ ಕಂದು ಬಣ್ಣ ತರಿಸಿದಳು.

ಸುಬ್ರಾಯರು "ಕೃಷ್ಣ, ಕೃಷ್ಣ" ಎನ್ನುತ್ತ ನೆಟ್ಟರು. ಆ ಸುಳ್ಳಿನಲ್ಲೂ ಅವರ ನಿಷ್ಠೆ ಹೋಗಲಿಲ್ಲ. ಕ್ಲೆಮಾಟಿಸ್ ಅಲ್ಲದ ಹಿಪ್ಪುನೇರಳೆ ಕಡ್ಡಿಯ ಕಾಲಿಗೆ ನೆರಳಾಗಲೆಂದು ಚಪ್ಪಟೆ ಕಲ್ಲು ಇಟ್ಟರು. ಹನಿಸಕಲ್ ಅಲ್ಲದ ಪ್ಯಾಶನ್ ಬಳ್ಳಿಗೆ ಕಿಟಕಿಯವರೆಗೆ ದಾರ ಎಳೆದರು. ವಿಸ್ಟೀರಿಯಾ ಎನಿಸಿಕೊಂಡ ದಾಸವಾಳದ ತುದಿಯಲ್ಲಿ ಒಂದು ಮೊಗ್ಗು ಉಳಿದುಬಿಟ್ಟಿತ್ತು. ಅದನ್ನು ಅವರು ಗಮನಿಸುವಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ಮಧ್ಯಾಹ್ನ ಪೇಟೆಗೆ ಹೋಗಿ ಐದಕ್ಕೆ ಬರಬೇಕಾದ ಮೇಡಂ ಯೋಕ್ ನಾಲ್ಕಕ್ಕೇ ಬಂದಿದ್ದರು. ಹೊನ್ನಮ್ಮ ಚಟ್ಟನೆ ಮೊಗ್ಗು ಚಿವುಟಿ ತುರುಬಿಗೆ ಸಿಕ್ಕಿಸಿಕೊಂಡು, ಏನೂ ಅರಿಯದವರಂತೆ ಆಕಾಶ ನೋಡಿದರು.

ಮೇಡಂ ಕೈಯಲ್ಲಿ ಒಂದು ಲಕೋಟೆ. ಮುಖದಲ್ಲಿ ಎಂದಿನ ಗತ್ತಿರಲಿಲ್ಲ.

"ಮಿಸ್ಟರ್ ರಾಯ್, ನಾನು ನಿಮಗೆ ಸಾರಿ ಹೇಳಬೇಕು."

"ಮೇಡಂ, ಸಾರಿ ನಾನು ಹೇಳಬೇಕು."

"ಇಲ್ಲ ಲಾ, ಮೊದಲು ನಾನು."

"ಇಲ್ಲ ಮೇಡಂ, ನನ್ನದು ದೊಡ್ಡದು."

"ನನ್ನದು ಇನ್ನೂ ದೊಡ್ಡದು" ಎಂದು ಮೇಡಂ ನಿಟ್ಟುಸಿರಿಟ್ಟು, ಮಾತಿಗೆ ಧೈರ್ಯ ಸಾಲದೆ, ಪಕ್ಕದಲ್ಲಿದ್ದ ಕಡ್ಡಿಯತ್ತ ಬಗ್ಗಿ, ಅಭ್ಯಾಸಬಲದಿಂದ ಉಗುರಿನಿಂದ ಕೆರೆದರು.

ಸಿಪ್ಪೆ ಸರಿಯಿತು. ಒಳಗೆ ಎಳೆ ಬಾಳೆಯೆಲೆಯ ಹಸಿರು.

ಮೇಡಂ ಕಣ್ಣು ಬಾಲ್ದಿಯಷ್ಟು ಅಗಲವಾಯಿತು. ಎರಡನೆಯದನ್ನು ಕೆರೆದರು. ಹಸಿರು. ಮೂರನೆಯದು. ಹಸಿರು. ಲಂಗ ಮಣ್ಣಾಗುವುದನ್ನೂ ಲೆಕ್ಕಿಸದೆ ಮೊಣಕಾಲೂರಿ ಹನ್ನೆರಡನ್ನೂ ಕೆರೆದರು. ಹನ್ನೆರಡೂ ಹಸಿರು!

"ಹೇಗೆ ಮಾಡಿದಿರಿ?" ಅವರು ಮಣ್ಣುಗೈಯಲ್ಲೇ ಎದ್ದು ನಿಂತರು. "ಮಿಸ್ಟರ್ ರಾಯ್, ಇವು ಸತ್ತಿದ್ದವು! ಅಕ್ಕ ಕಳಿಸಿದ ಪೆಟ್ಟಿಗೆಯನ್ನು ನಾನು ಕೌಲಾಲಂಪುರದಲ್ಲಿ ಕಾರಿನ ಡಿಕ್ಕಿಯಲ್ಲೇ ಮರೆತು ಮೂರು ವಾರ ಬಿಸಿಲಿಗೆ ನಿಲ್ಲಿಸಿದ್ದೆ. ಪೆಟ್ಟಿಗೆಯಿಂದ ಹತ್ತಾರನ್ನು ಕೆರೆದು ನೋಡಿದ್ದೆ, ಎಲ್ಲ ಸೌದೆ! ಅಕ್ಕನಿಗೆ ಹೇಳಲು ಹೆದರಿಕೆ. ತೋಟದವನು ನೆಟ್ಟ, ಚಿಗುರಲಿಲ್ಲ ಅಂತ ಹೇಳೋಣ ಎಂದು ನಿಮ್ಮ ಕೈಗೆ ಕೊಟ್ಟೆ. ರಾತ್ರಿಯೆಲ್ಲ ಮನಸ್ಸು ಚುಚ್ಚಿತು. ನಿಮಗೆ ನಿಜ ಹೇಳಿ, ಇದನ್ನು ಕೊಟ್ಟು ಹೋಗೋಣ ಅಂತ ಬಂದೆ." ಅವರು ಲಕೋಟೆ ಬಿಚ್ಚಿ ತೋರಿಸಿದರು. ಕೆಲಸ ಖಾಯಂ ಮಾಡಿದ ಪತ್ರ. ಕೆಳಗೆ ಸಹಿ, ನಿನ್ನೆಯ ತಾರೀಖು.

ಸುಬ್ರಾಯರ ಎದೆಯ ಮೇಲಿದ್ದ ಬಂಡೆ ಉರುಳಿ ಹೋಯಿತು. ಸತ್ತ ಕಡ್ಡಿಯನ್ನು ಸುಟ್ಟದ್ದಕ್ಕೆ ಪಾಪವೆಲ್ಲಿ? ಪತ್ರ ಸಿದ್ಧವಿದೆ. ಇನ್ನು ನಿಜ ಹೇಳಿದರೆ ದೇವರಿಗೂ ಸಮಾಧಾನ, ಮೇಡಂಗೂ ಸಮಾಧಾನ.

"ಮೇಡಂ, ಇವು ಆ ಕಡ್ಡಿಗಳೇ ಅಲ್ಲ."

"ಗೊತ್ತು!" ಮೇಡಂ ಕಣ್ಣೊರೆಸಿಕೊಂಡರು. "ಸತ್ತಿದ್ದ ಕಡ್ಡಿಗಳಲ್ಲ ಈಗ ಇವು."

"ಹಾಗಲ್ಲ ಮೇಡಂ. ಅವು ಬೆಂಕಿಗೆ ಹೋದವು."

"ಅದೂ ನೋಡಿದೆ. ಎಂಥ ಹೊಗೆ! ನಿಮ್ಮ ಪ್ರೀಸ್ಟ್ ಬಂದು ನನ್ನ ಬಳ್ಳಿಗಳಿಗಾಗಿ ಬೆಂಕಿಯ ಮುಂದೆ ಪ್ರಾರ್ಥನೆ ಮಾಡಿದರು. ನಿಮ್ಮ ವೈಫ್ ಫೋನಿನಲ್ಲಿ ಹೇಳಿದರಲ್ಲ!" ಎಂದು ಅವರು ಭಟ್ಟರತ್ತ ತಿರುಗಿ ಆಳವಾಗಿ ಬಾಗಿದರು. ಹೊಗಳಿಕೆಯನ್ನು ತಿರಸ್ಕರಿಸಿ ಅಭ್ಯಾಸವಿಲ್ಲದ ಭಟ್ಟರು ಬಲಗೈ ಎತ್ತಿ ಆಶೀರ್ವಾದ ಮಾಡಿಬಿಟ್ಟರು.

ಮೇಡಂ ಒಂದು ಕ್ಷಣ ಯೋಚಿಸಿದರು. ಆಮೇಲೆ ಆ ಪತ್ರವನ್ನು ಸರ್ರನೆ ನಾಲ್ಕು ಚೂರು ಮಾಡಿದರು. ವಾರಿಜಾಕ್ಷಿಯ ಬಾಯಿಂದ ಸಣ್ಣ ಕೂಗು ಹೊರಟಿತು.

"ಇಂಥ ಮನುಷ್ಯನಿಗೆ ಮೇಲ್ವಿಚಾರಕನ ಪತ್ರವೇ? ನನಗೆ ನಾಚಿಕೆ! ಬನ್ನಿ." ಕಾರಿನ ಡಿಕ್ಕಿ ತೆಗೆದರು. ಒಳಗೆ ದೊಡ್ಡ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ತುಂಬ, ಸುಟ್ಟ ಸಂಡಿಗೆಯಂತೆ ಮುಟ್ಟಿದರೆ ಮುರಿಯುವ ಒಣ ಕಡ್ಡಿಗಳು. "ಅಕ್ಕ ಕಳಿಸಿದ್ದರಲ್ಲಿ ಇನ್ನೂ ಎಂಬತ್ತು ಇವೆ. ಎಲ್ಲ ಸತ್ತಿವೆ. ಇವನ್ನೂ ಎಬ್ಬಿಸಿ. ಎಬ್ಬಿಸಿದ ದಿನ ನೀವು ಇಡೀ ಅತಿಥಿಗೃಹದ ಮ್ಯಾನೇಜರ್. ಅಲ್ಲಿಯವರೆಗೆ ಪರೀಕ್ಷೆಯ ಕಾಲವೇ ಮುಂದುವರಿಯಲಿ, ಓಕೆ ಲಾ? ಇನ್ನೊಂದು ಆರು ತಿಂಗಳು!"

ಪೆಟ್ಟಿಗೆ ಸುಬ್ರಾಯರ ತೋಳಿಗೆ ಬಂತು. ಮೇಡಂ ಅಕ್ಕನಿಗೆ ಫೋನು ಹಚ್ಚಿ, ನಗುತ್ತ, ಅಳುತ್ತ, ಕಾರು ಹತ್ತಿ ಹೋದರು.

ತೋಟದಲ್ಲಿ ಮಂಜು ಇಳಿಯತೊಡಗಿತ್ತು. ಸುಬ್ರಾಯರು ಎಂಬತ್ತು ಹೆಣಗಳನ್ನು ಹೊತ್ತವರಂತೆ ನಿಂತೇ ಇದ್ದರು. ಭಟ್ಟರು ಮೆಲ್ಲಗೆ ಹತ್ತಿರ ಬಂದರು.

"ರಾಯರೆ, ಬ್ರಿಕ್‌ಫೀಲ್ಡ್ಸಿನ ನಮ್ಮ ಮನೆಯಲ್ಲಿ ತುಳಸಿ ಒಣಗಿ ಎರಡು ತಿಂಗಳಾಯ್ತು. ನಾಡಿದ್ದಿನ ಬಸ್ಸಿಗೆ ಕಳಿಸಿಕೊಡ್ಲಾ?"

"ಭಟ್ಟರೆ, ನೀವೇ ಎಲೆ ಬಿಡಿಸಿದ್ದಲ್ಲವಾ?"

"ಬಿಡಿಸಿದ್ದು ಹೌದು. ಆದ್ರೂ ಹನ್ನೆರಡಕ್ಕೆ ಹನ್ನೆರಡೂ ಹಸಿರು ಅಂದ್ರೆ… ಎಂತದೋ ಒಂದು ಉಂಟು ಮಾರಾಯ್ರೆ."

ಸುಬ್ರಾಯರು ಆಸರೆಗಾಗಿ ಹೆಂಡತಿಯನ್ನು ನೋಡಿದರು. ತನ್ನ ಕೈಯಾರೆ ಬೂದಿ ತಿಕ್ಕಿದ ವಾರಿಜಾಕ್ಷಿ, ಗಂಡನ ಬೆರಳುಗಳನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು.

ಅಷ್ಟರಲ್ಲಿ ಹೊನ್ನಮ್ಮ ಏದುಸಿರು ಬಿಡುತ್ತ ಬಂದರು. ಕಂಕುಳಲ್ಲಿ ಒಂದು ಮಣ್ಣಿನ ಕುಂಡ. ಕುಂಡದಲ್ಲಿ ಎಲೆಯೊಂದೂ ಇಲ್ಲದೆ ಸೊರಗಿ ನಿಂತ ಕರಿಬೇವು.

"ನಮ್ಮ ಅಳಿಯ ಇದನ್ನ ಚೆಲ್ಲೂಣು ಅಂದಿದ್ದ. ಸ್ವಲ್ಪ ಮುಟ್ಟಿ ಕೊಡ್ರೀ ರಾಯರ."

"ಹೊನ್ನಮ್ಮನವರೇ!" ಸುಬ್ರಾಯರು ಅಳುವುದೊಂದು ಬಾಕಿ. "ಆ ಹಸಿ ಕಡ್ಡಿ ಎಲ್ಲ ಗಿಡದಿಂದ ಕತ್ತರಿಸಿ ತಂದವರು ಯಾರು? ನೀವೇ ಅಲ್ವಾ?"

"ಕತ್ತರಿಸಿದ್ದು ನಾನ ರೀ, ಇಲ್ಲ ಅಂದೇನು?" ಹೊನ್ನಮ್ಮ ಪೆಟ್ಟಿಗೆಯ ಮೇಲೆಯೇ ಕುಂಡವನ್ನಿಟ್ಟು, ಭಕ್ತಿಯಿಂದ ಕೈಮುಗಿದರು. "ಆದರ ನೆಟ್ಟ ಕೈ ನಿಮ್ಮದಲ್ಲೇನು?"